ಲಾರೆನ್ಸರ ನಾಲ್ಕು ಗಂಟೆ ಹನ್ನೆರಡು ನಿಮಿಷ

ಪೆರ್ಲದಲ್ಲಿ ನಿಂತ ಬಸ್ಸಿನ ಮೂತಿಯ ಮೇಲೆ ಅಂಗೈ ಇಟ್ಟು, ಕಣ್ಣು ಅರೆಮುಚ್ಚಿ, "ಇದು ಬಂದು ಹತ್ತು ನಿಮಿಷ ಆಯ್ತು ಮಾಷ್ಟ್ರೇ. ಡ್ರೈವರನ ಚಾ ಮುಗೀತು, ಹತ್ತುವ" ಎಂದು ಲಾರೆನ್ಸ್ ಮೊಂತೆರೊ ಹೇಳುತ್ತಿದ್ದರು. ತಿರುಗಿ ನೋಡಿದರೆ ಚಾಲಕ ಮೀಸೆ ಒರೆಸಿಕೊಳ್ಳುತ್ತ ಹೋಟೆಲಿನ ಮೆಟ್ಟಿಲಿಳಿಯುತ್ತಿರುತ್ತಿದ್ದ. ಕಾಲೇಜಿನಲ್ಲಿಯೂ ಹಾಗೆಯೇ. ಉಪಕರಣಗಳ ಬೆನ್ನು ಮುಟ್ಟಿ, ಯಾವುದನ್ನು ಯಾವ ತರಗತಿಯವರು ಆರಿಸದೆ ಹೋಗಿದ್ದರೆಂದು ಹೇಳಬಲ್ಲವರಾಗಿದ್ದರು. "ಮಿಂಚಿದ್ದನ್ನು ಎಲ್ಲರೂ ನೋಡ್ತಾರೆ. ಬಿಸಿ ಎಲ್ಲಿ ಉಳಿದಿದೆ ಅಂತ ಹುಡುಕುವವ ಬೇಕು" ಎಂಬುದು ಅವರ ಮಾತು.

ಅವರು ನಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದ ಸಹಾಯಕರು. ನಾನು ಅಲ್ಲಿ ಗಣಿತ ಕಲಿಸುತ್ತಿದ್ದವನು. ಅವರನ್ನು ಬಹುವಚನದಲ್ಲಿ ಕರೆಯುತ್ತಿದ್ದವರು ನನ್ನ ಎಣಿಕೆಗೆ ಮೂವರೇ. ಮೂರನೆಯವನಾಗಿ ನಾನು ತಡವಾಗಿ ಸೇರಿದೆ. ಅಧ್ಯಾಪಕರ ಕೊಠಡಿಯಲ್ಲಿ ಕುರ್ಚಿ ಖಾಲಿಯಿದ್ದರೂ ಅವರು ಬಾಗಿಲ ಬಳಿ ನಿಂತೇ ಚಹಾ ಕುಡಿಯಬೇಕಿತ್ತು. ಆ ಕುರ್ಚಿಗಳು ಎಷ್ಟಿದ್ದವು, ಅವುಗಳ ಮೇಲೆ ಯಾರ ಚೀಲಗಳು ಕೂರುತ್ತಿದ್ದವು ಎಂಬುದನ್ನು ಇಂದಿಗೂ ಹೇಳಬಲ್ಲೆ.

ಈ ಶತಮಾನದ ಮೊದಲ ದಶಕದಲ್ಲಿ ಅವರು ಪ್ರಯೋಗಾಲಯದ ಮೂಲೆಯಲ್ಲಿ ಒಂದು ರೇಡಿಯೊ ಗ್ರಾಹಕ ಯಂತ್ರವನ್ನು ಕಟ್ಟಿ ನಿಲ್ಲಿಸಿದರು. ಮುರಿದ ಮಂಚದ ಚೌಕಟ್ಟಿಗೆ ಸುತ್ತಿದ ತಾಮ್ರದ ತಂತಿಯೇ ಅದರ ಆಂಟೆನಾ. ದಕ್ಷಿಣದ ಕಡಲ ತುದಿಯಿಂದ ಜಲಾಂತರ್ಗಾಮಿಗಳಿಗಾಗಿ ಹೊರಡುವ ರೇಡಿಯೊ ಅಲೆಯನ್ನು ಅದು ಹಗಲಿರುಳು ಹಿಡಿಯುತ್ತಿತ್ತು. ಒಂದು ಪೆನ್ನು ಕಾಗದದ ಸುರುಳಿಯ ಮೇಲೆ ಗೆರೆ ಎಳೆಯುತ್ತಿತ್ತು. ಬಹುದೂರದ ನಕ್ಷತ್ರವೊಂದು ಕುಸಿದು ಸಾಯುವಾಗ ಹೊಮ್ಮುವ ಗಾಮಾ ಕಿರಣಗಳು ಭೂಮಿಯ ಮೇಲ್ಗಾಳಿಗೆ ಬಡಿದರೆ ಆ ಅಲೆ ಕದಲುತ್ತದೆ, ಪೆನ್ನು ಜಿಗಿಯುತ್ತದೆ. ಅಷ್ಟು ಪ್ರಖರವಾದ ಸ್ಫೋಟ ಬಲು ಅಪರೂಪ. ಲಾರೆನ್ಸರು ನಾಲ್ಕು ವರ್ಷ ಕಾದರು. ಪ್ರತಿದಿನ ರೇಡಿಯೊ ವಾರ್ತೆಗೆ ಮುಂಚಿನ ಸಮಯಸೂಚಕ ಸದ್ದಿಗೆ ಗಡಿಯಾರ ಹೊಂದಿಸಿ, ಸುರುಳಿಯ ಅಂಚಿನಲ್ಲಿ ಸಮಯ ಬರೆಯುತ್ತಿದ್ದರು.

ಒಂದು ಬೆಳಿಗ್ಗೆ ಪ್ರಯೋಗಾಲಯ ತೆರೆದಾಗ ಗೆರೆ ಒಂದೆಡೆ ನೆಟ್ಟಗೆ ಎದ್ದು, ನಿಧಾನವಾಗಿ ಇಳಿದಿತ್ತು. ಸಮಯ ನಾಲ್ಕು ಗಂಟೆ ಹನ್ನೆರಡು ನಿಮಿಷ. ಅವರು ಕುಣಿಯಲಿಲ್ಲ. ಪಕ್ಕದ ತೋಟದವರನ್ನು ಕೇಳಿ ಆ ಹೊತ್ತಿಗೆ ಪಂಪು ಓಡಿರಲಿಲ್ಲವೆಂದು ಬರೆದುಕೊಂಡರು. ಸಿಡಿಲು ಹೊಡೆದಿರಲಿಲ್ಲ, ವಿದ್ಯುತ್ ಹೋಗಿರಲಿಲ್ಲ ಎಂಬುದನ್ನೂ ಬರೆದುಕೊಂಡರು. ಮರುದಿನ ನೆಟ್ ಕೆಫೆಯಿಂದ ಒಂದು ಮುದ್ರಿತ ಹಾಳೆ ಹಿಡಿದು ನನ್ನ ಬಳಿ ಬಂದರು. ಉಪಗ್ರಹವೊಂದು ಗಾಮಾ ಸ್ಫೋಟವನ್ನು ಗುರುತಿಸಿ, ತಾನೇ ಅತ್ತ ಹೊರಳಿ, ತನ್ನ ಎಕ್ಸ್-ರೇ ದೂರದರ್ಶಕದಲ್ಲಿ ಅದೇ ಜಾಗದಲ್ಲಿ ಮೆಲ್ಲನೆ ಆರುತ್ತಿದ್ದ ಹೊಳಪನ್ನು ಕಂಡಿತ್ತು. ಸ್ಫೋಟ ನಿಜವೆಂಬುದಕ್ಕೆ ಅದೇ ಎರಡನೆಯ ಸಾಕ್ಷಿ.

"ನೋಡಿ ಮಾಷ್ಟ್ರೇ, ಬೆಂಕಿ ನಂದಿದೆ, ಒಲೆ ಇನ್ನೂ ಬಿಸಿ ಉಂಟು!" ಎಂದರು.

ಸುರುಳಿಯನ್ನೂ ಹಾಳೆಯನ್ನೂ ಅವರು ವಿಭಾಗದ ಮುಖ್ಯಸ್ಥರಿಗೆ ಒಪ್ಪಿಸಿದರು. ಆ ಮನುಷ್ಯನ ಹೆಸರು ಬರೆದು ಈ ಕಾಗದವನ್ನು ಕೆಡಿಸಲಾರೆ. ವಿಷಯ ಅಧ್ಯಾಪಕರ ಸಭೆಗೆ ಬಂತು. ಲಾರೆನ್ಸರನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದರು; ಕೊನೆಯವರೆಗೂ ಒಳಗೆ ಕರೆಯಲಿಲ್ಲ.

"ಉಪಗ್ರಹದವರು ಬರೆದದ್ದು ಹಿಂದಿನ ತಾರೀಕು, ಇಪ್ಪತ್ತೆರಡು ಗಂಟೆ ನಲವತ್ತೆರಡು ನಿಮಿಷ" ಎಂದು ಮುಖ್ಯಸ್ಥರು ಹಾಳೆ ಎತ್ತಿ ತೋರಿಸಿದರು. "ಇವನದ್ದು ಮರುದಿವಸ ಬೆಳಿಗ್ಗೆ ನಾಲ್ಕಕ್ಕೆ. ಎಂತ, ಆ ಕಿರಣ ಪೆರ್ಲದ ಬಸ್ಸಲ್ಲಿ ಬಂದದ್ದಾ?"

ಸಭೆ ನಕ್ಕಿತು. ಹನ್ನೊಂದು ಮಂದಿ ನಕ್ಕರು. ಯಾರು ಯಾವ ಕುರ್ಚಿಯಲ್ಲಿದ್ದರೆಂದೂ ನನಗೆ ನೆನಪಿದೆ.

ಆ ಹಾಳೆಯಲ್ಲಿದ್ದದ್ದು ಗ್ರೀನಿಚ್ ಸಮಯ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಕೂಡಿಸಿದರೆ ಮರುದಿನದ ಬೆಳಗಿನ ನಾಲ್ಕು ಗಂಟೆ ಹನ್ನೆರಡು ನಿಮಿಷ. ಒಂದು ನಿಮಿಷದ ವ್ಯತ್ಯಾಸವೂ ಇಲ್ಲ. ಭೌತಶಾಸ್ತ್ರ ಕಲಿಸುವ ಮನುಷ್ಯನಿಗೆ ಇದು ಹೊಳೆಯಲಿಲ್ಲ. ನನಗೆ ಹೊಳೆಯಿತು. ಕಾರ್ಯಸೂಚಿಯ ಅಂಚಿನಲ್ಲಿ ಕೂಡಿಸಿಯೂ ನೋಡಿದೆ. ಹಿರಿಯರನ್ನು ಸಭೆಯಲ್ಲಿ ತಿದ್ದುವುದು ಸಭ್ಯತೆಯಲ್ಲ, ಆಮೇಲೆ ಹೇಳಿದರಾಯಿತೆಂದು ಕಾಗದವನ್ನು ಮಡಚಿ ಜೇಬಿಗಿಟ್ಟೆ. ಅಷ್ಟರಲ್ಲಿ ನಡಾವಳಿ ಪುಸ್ತಕದಲ್ಲಿ "ಪ್ರಯೋಗಾಲಯ ಸಹಾಯಕರು ಕಲ್ಪಿತ ದಾಖಲೆ ಸಲ್ಲಿಸಿರುತ್ತಾರೆ" ಎಂಬ ಸಾಲು ಬಿತ್ತು. ಯಂತ್ರವನ್ನು ತೆರವುಗೊಳಿಸುವಂತೆಯೂ ಆದೇಶವಾಯಿತು. ಹನ್ನೊಂದು ಜನ ನಕ್ಕದ್ದನ್ನು ನಾನು ಕ್ಷಮಿಸಿಲ್ಲ. ಹನ್ನೆರಡನೆಯವನು ಸುಮ್ಮನಿದ್ದದ್ದನ್ನು ಕ್ಷಮಿಸುವ ಪ್ರಶ್ನೆಯೇ ಇಲ್ಲ.

ಸಭೆಯ ನಂತರ ಬೆಂಚಿನ ಬಳಿ ಹೋಗಿ ಆ ಕಾಗದ ತೋರಿಸಿದೆ. ಅವರು ಓದಿ, ಮಡಚಿ ಹಿಂದಿರುಗಿಸಿದರು.

"ನಿಮಗೆ ಇದು ಯಾವಾಗ ಗೊತ್ತಾದ್ದು?"

"ಆಗಲೇ."

ಪಕ್ಕದಲ್ಲಿದ್ದ ಚಹಾ ಲೋಟವನ್ನು ಅವರು ಮುಟ್ಟಿ ನೋಡಿದರು. "ಆರಿಹೋಗಿದೆ. ಇನ್ನು ಬಿಸಿ ಮಾಡಿದ್ರೆ ಕಹಿಯಾಗ್ತದೆ" ಎಂದರು. ಲೋಟವನ್ನು ಬದಿಗೆ ಸರಿಸಿ, "ಯಂತ್ರವನ್ನು ಮನೆಗೆ ಕೊಂಡು ಹೋಗ್ತೇನೆ, ಅದಕ್ಕೆಂತ ಬೇಜಾರಿಲ್ಲ. ಆದ್ರೆ ಆ ಒಂದು ಸಾಲು ಹೊಡೆದು ಹಾಕಿಸಿ ಮಾಷ್ಟ್ರೇ. ನಾನು ಸುಳ್ಳು ಬರೆದವ ಅಂತ ಉಳೀಬಾರ್ದು" ಎಂದರು.

ನಾನು ಅರ್ಜಿಗಳನ್ನು ಬರೆದೆ. ಮೊದಲನೆಯದಕ್ಕೆ ಉತ್ತರ ಬರಲಿಲ್ಲ. ಎರಡನೆಯದು ಕಳೆದುಹೋಯಿತೆಂದರು, ಮೂರನೆಯದನ್ನು ಪರಿಶೀಲನೆಗಾಗಿ ಅದೇ ಮುಖ್ಯಸ್ಥರಿಗೆ ಕಳುಹಿಸಿದರು! ನಾನು ನಿವೃತ್ತನಾದೆ, ಲಾರೆನ್ಸರೂ ನಿವೃತ್ತರಾದರು. ಪೇಟೆಯಲ್ಲಿ ಸಿಕ್ಕಾಗ ಅವರು ಆ ಸಾಲಿನ ವಿಷಯ ಎತ್ತುತ್ತಿರಲಿಲ್ಲ. ನಾನು ಎತ್ತುವೆನೇ ಎಂದು ಮಾತ್ರ ಒಂದು ಕ್ಷಣ ಕಾಯುತ್ತಿದ್ದರು.

ಕೊನೆಗೆ ಹೊಸದಾಗಿ ಬಂದ ಪ್ರಾಂಶುಪಾಲೆಯೊಬ್ಬರು ಐದೂವರೆ ಗಂಟೆಯನ್ನು ನನ್ನೆದುರೇ ಕೂಡಿಸಿ ನೋಡಿ, ಕೆಂಪು ಶಾಯಿಯಲ್ಲಿ ಆ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ "ದಾಖಲೆ ಸತ್ಯವಾಗಿದೆ" ಎಂದು ಬರೆದರು. ಅಂದೇ ಹೋಗಿ ಹೇಳಬಹುದಿತ್ತು. ಅವರ ಊರು ಪೆರ್ಲಕ್ಕೆ ಬಸ್ಸೂ ಇತ್ತು. ಆದರೆ ಬರಿಗೈಯಲ್ಲಿ ಹೋಗಬಾರದು, ಮೊಹರು ಹಾಕಿದ ಪ್ರತಿಯನ್ನೇ ಅವರ ಕೈಗಿಡಬೇಕೆಂದು ಹದಿನೇಳು ದಿನ ಕಾದೆ.

ಪ್ರತಿ ಹಿಡಿದು ಹೋದಾಗ ಅವರ ತಂಗಿ ಸೆಲಿನ್ ಬಾಯಿ ಬಾಗಿಲು ತೆರೆದರು.

"ನಿನ್ನೆ ಇಗರ್ಜಿಯಲ್ಲಿ ಅಣ್ಣನನ್ನು ಮಣ್ಣು ಮಾಡಿ ಆಯ್ತು ಮಾಷ್ಟ್ರೇ. ನಿಮಗೆ ಯಾರೂ ಹೇಳ್ಲಿಲ್ವಾ?"

ಯಂತ್ರ ಅವರ ಕೋಣೆಯ ಕಿಟಕಿಯ ಬಳಿ ಇತ್ತು. "ಮೊನ್ನೆ ಸಂಜೆಯವರೆಗೂ ಓಡ್ತಾ ಇತ್ತು. ಇನ್ನು ನೋಡುವವರು ಯಾರು ಅಂತ ನಾನೇ ಆರಿಸಿದೆ" ಎಂದು ಸೆಲಿನ್ ಬಾಯಿ ಅದರ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು. ನಾನು ಮೊಹರಿನ ಕಾಗದವನ್ನು ಎಡಗೈಗೆ ಬದಲಿಸಿಕೊಂಡು, ಬಲ ಅಂಗೈಯನ್ನು ಅದರ ಬೆನ್ನಿನ ಮೇಲಿಟ್ಟೆ. ತಣ್ಣಗಿತ್ತು.