ಹನ್ನೆರಡು ಬಳೆಗಳ ಲೆಕ್ಕ

ಹೋದ ವಾರ ಹಳೆಯ ಟ್ರಂಕು ತೆರೆದೆ. ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಹೊಡೆದು ಸಾಲಾಗಿ ಮೂರು ಸೀನು ಬಂದವು. ಸೀನಿದ್ದು ಟ್ರಂಕಿಗೋ, ಅದರೊಳಗೆ ಮಡಚಿ ಇಟ್ಟಿದ್ದ ನನ್ನ ಕೆರಿಯರಿಗೋ ಹೇಳುವುದು ಕಷ್ಟ. ಬೇರೆ ಹೆಂಗಸರು ರೇಷ್ಮೆ ಸೀರೆಗಳ ನಡುವೆ ಇಡುವ ಗುಳಿಗೆಗಳನ್ನು ನಾನು ಕಾಗದಗಳ ನಡುವೆ ಇಟ್ಟಿದ್ದೆ. ಎರಡೂ ಅಂಚಿಗೆ ತೂತುಗಳಿರುವ, ಒಂದರ ಬಾಲ ಇನ್ನೊಂದು ಹಿಡಿದು ಹೊರಬರುತ್ತಿದ್ದ ಆ ಕಾಲದ ಕಂಪ್ಯೂಟರ್ ಕಾಗದಗಳು ಅವು.

ತೆರೆಯಲು ಕಾರಣ ನನ್ನ ಹಳೆಯ ವಿದ್ಯಾರ್ಥಿನಿ ವಿದ್ಯಾ. ನನ್ನ ಪೇಪರುಗಳನ್ನೆಲ್ಲ ಕೂಡಿಸಿ ಒಂದು ಪುಸ್ತಕ ತರುತ್ತೇನೆಂದು ಹಟ ಹಿಡಿದಿದ್ದಾಳೆ. "ಮೇಡಂ, ಮೊದಲನೇ ಪೇಪರಿನ ಒರಿಜಿನಲ್ ಡೇಟಾ ಬೇಕ್ರಿ. ಅದು ಕ್ಲಾಸಿಕ್ ಅದರಿ," ಎಂದಳು ಫೋನಿನಲ್ಲಿ.

ಕ್ಲಾಸಿಕ್! ನಾನು ಥ್ಯಾಂಕ್ಯೂ ಎಂದೆ. ಕಾನ್ವೆಂಟಿನಲ್ಲಿ ನಮಗೆ ಎಲ್ಲಕ್ಕಿಂತ ಚೆನ್ನಾಗಿ ಕಲಿಸಿದ್ದು ಅದನ್ನೇ.

ನನ್ನ ಕೆಲಸ ಏನಿತ್ತೆಂದು ನಿಮಗೆ ಹೇಳಬೇಕು; ನನ್ನ ಸ್ವಂತ ಅತ್ತೆಗೇ, ಎಂದರೆ ಅಪ್ಪನ ತಂಗಿಗೇ, ಅದು ಕೊನೆಯವರೆಗೂ ತಿಳಿಯಲಿಲ್ಲ. "ಕಂಪ್ಯೂಟರ್‌ಗೆ ಟ್ಯೂಷನ್ ಹೇಳ್ತಾಳ," ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಅದು ಉಲ್ಟಾ. ಮಕ್ಕಳಿಗೆ ಟ್ಯೂಷನ್ ಹೇಳುವ ಕಂಪ್ಯೂಟರನ್ನು ನಾವು ತಯಾರಿಸುತ್ತಿದ್ದೆವು. ಇಂಟೆಲಿಜೆಂಟ್ ಟ್ಯೂಟರಿಂಗ್ ಸಿಸ್ಟಮ್ ಎಂದು ಅದರ ಹೆಸರು. ಮಗುವಿನ ಉತ್ತರ ಸರಿಯೋ ತಪ್ಪೋ ಎಂದಷ್ಟೇ ಹೇಳಿದರೆ ಅದರಲ್ಲಿ ಇಂಟೆಲಿಜೆನ್ಸ್ ಏನು ಬಂತು? ತಪ್ಪನ್ನು ನೋಡಿ, ಮಗುವಿನ ತಲೆಯೊಳಗೆ ಎಲ್ಲಿ ಗಂಟು ಬಿದ್ದಿದೆ ಎಂದು ಊಹಿಸಬೇಕು. ವೈದ್ಯರು ನಾಡಿ ಹಿಡಿದಂತೆ. ನಮ್ಮ ಜಂಬ ಅಲ್ಲಿತ್ತು.

ಧಾರವಾಡದ ನಮ್ಮ ವಿಶ್ವವಿದ್ಯಾಲಯಕ್ಕೆ ಹತ್ತಿರ ಎಂದು ಮುಗದದ ಪ್ರಾಥಮಿಕ ಶಾಲೆಯನ್ನು ಆರಿಸಿದೆವು. ಎರಡು ಕಂಪ್ಯೂಟರುಗಳನ್ನು ಹತ್ತಿಯ ಹಾಸಿಗೆಯಲ್ಲಿ ಸುತ್ತಿ ಟೆಂಪೋದಲ್ಲಿ ಒಯ್ದದ್ದು ನೆನಪಿದೆ. ಬಾಣಂತಿಯನ್ನು ಕಳಿಸುವಾಗಲೂ ಜನ ಅಷ್ಟು ಜೋಪಾನ ಮಾಡಲಿಕ್ಕಿಲ್ಲ. ಲೆಕ್ಕಗಳನ್ನು ಬರೆದವಳು ನಾನು. ಮೊದಲು ಇಂಗ್ಲಿಷಿನಲ್ಲಿ ಬರೆದು, ಮಗ್ಗುಲಲ್ಲಿ ಡಿಕ್ಷನರಿ ಇಟ್ಟುಕೊಂಡು ಕನ್ನಡಕ್ಕೆ ತಂದೆ. ಹುಬ್ಬಳ್ಳಿಯ ಹುಡುಗಿಗೆ ಕನ್ನಡಕ್ಕೆ ಡಿಕ್ಷನರಿಯೇ ಎಂದು ನೀವು ನಗಬಹುದು. ಅವ್ವ ನನ್ನ ಆರನೇ ವಯಸ್ಸಿಗೇ ಹೋದಳು, ಅಪ್ಪ ನನ್ನನ್ನು ಕಾನ್ವೆಂಟ್ ಹಾಸ್ಟೆಲಿಗೆ ಹಾಕಿದರು. ಅಲ್ಲಿ ಬಳೆ ತೊಡುವಂತಿರಲಿಲ್ಲ. ಪ್ರೇಯರಿನಲ್ಲಿ ಸಪ್ಪಳವಾಗುತ್ತದೆ, ಡಿಸ್ಟ್ರಾಕ್ಷನ್, ಎನ್ನುತ್ತಿದ್ದರು ಸಿಸ್ಟರ್. ಆಮೇಲೆ ತೊಡುವ ರೂಢಿಯೇ ತಪ್ಪಿತು. ಮದುವೆಯಾಗಿದ್ದರೆ ಯಾರಾದರೂ ತೊಡಿಸುತ್ತಿದ್ದರೋ ಏನೋ, ಅದೂ ಆಗಲಿಲ್ಲ. ಕೈಯಲ್ಲಿ ಒಂದು ವಾಚು, ಅಷ್ಟೇ.

ಆದರೆ ಹಳ್ಳಿಯ ಹುಡುಗಿಯರಿಗೆ ಬಳೆ ಇಷ್ಟ ಎಂದು ಪುಸ್ತಕದಲ್ಲಿ ಓದಿದ್ದೆ. ಅವರಿಗೆ ಖುಷಿಯಾಗಲಿ ಎಂದೇ ಐದು ಬಳೆ ಲೆಕ್ಕಗಳನ್ನು ಹಾಕಿದೆ. ಮೊದಲನೆಯದು ಹೀಗಿತ್ತು: 'ಗೌರಿಯ ಕೈಯಲ್ಲಿ ಹನ್ನೆರಡು ಬಳೆಗಳಿದ್ದವು. ನಾಲ್ಕು ಬಳೆಗಳು ಹೆಚ್ಚಿದವು. ಈಗ ಎಷ್ಟು ಬಳೆಗಳಿವೆ?'

ನಿಮ್ಮಲ್ಲಿ ಕೆಲವರು ಈಗಾಗಲೇ ಹಣೆ ಚಚ್ಚಿಕೊಂಡಿರುತ್ತೀರಿ. ದಯವಿಟ್ಟು ಸ್ವಲ್ಪ ತಾಳಿ. ನನಗೆ ತಿಳಿಯಲು ಎರಡು ವರ್ಷ ಬೇಕಾಯಿತು.

ನೀಲವ್ವ ನಾಲ್ಕನೇ ತರಗತಿಯ ಹುಡುಗಿ. ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ಎರಡು ಜಡೆ. ಮೊದಲ ದಿನ ಎಲ್ಲರೂ ಯಂತ್ರವನ್ನು ಮುಟ್ಟಲು ಹೆದರುತ್ತಿದ್ದಾಗ ಇವಳೇ ಬಂದು ಸ್ಟೂಲಿನ ಮೇಲೆ ಕುಳಿತಳು. ಬಾಯಿಲೆಕ್ಕದಲ್ಲಿ ಮಾಸ್ತರರನ್ನೂ ಮೀರಿಸುವವಳು. ಬಳೆಯ ಲೆಕ್ಕ ಬಂದಾಗ ಒಂದು ಕ್ಷಣವೂ ತಡೆಯದೆ ಎಂಟು ಎಂದು ಒತ್ತಿದಳು. ಪರದೆಯ ಮೇಲೆ 'ತಪ್ಪು' ಎಂದು ಬಂತು. ಮತ್ತೆ ಎಂಟು. ಮತ್ತೆ ತಪ್ಪು. ಅವಳು ನನ್ನ ಕಡೆ ತಿರುಗಿದಳು.

"ಅಕ್ಕೋರ, ನಿಮ್ಮ ಮಿಷನ್ನಿಗೆ ಲೆಕ್ಕಾ ಬರೂದಿಲ್ಲೇನ್ರಿ?"

ಕೋಣೆಯ ತುಂಬ ನಗು. ನಾನೂ ನಕ್ಕೆ. "ಮಿಷನ್ನಿಗೆ ಬರ್ತದ, ನೀನು ಅವಸರ ಮಾಡಾಕತ್ತಿ. ಕೇರ್‌ಫುಲ್ಲಾಗಿ ಓದು. ಹೆಚ್ಚಿದವು ಅಂದ್ರ ಕೂಡಿಸಬೇಕೋ, ಕಳೀಬೇಕೋ?"

ಅವಳು ಏನೋ ಹೇಳಲು ಬಾಯಿ ತೆರೆದಳು. ನನ್ನ ಕೈ ನೋಡಿದಳು. ಬಾಯಿ ಮುಚ್ಚಿಕೊಂಡಳು. "ಹೂಂ ರಿ," ಎಂದು ಹದಿನಾರು ಒತ್ತಿದಳು. ಆದರೆ ಮುಂದಿನ ನಾಲ್ಕೂ ಬಳೆ ಲೆಕ್ಕಗಳಲ್ಲಿ ಮತ್ತೆ ಕಳೆದಳು. ಆ ಮುಖದಲ್ಲಿ ಹಟ ಇರಲಿಲ್ಲ. ನನ್ನ ಬಗ್ಗೆ ಒಂದು ಬಗೆಯ ಕನಿಕರ ಇತ್ತು. ಅದನ್ನು ನಾನು ದಡ್ಡತನ ಎಂದು ಓದಿದೆ.

ಹುಡುಗಿಯರಲ್ಲಿ ಬಹಳ ಜನ ಹೀಗೇ ಮಾಡಿದರು. ಹುಡುಗರು ಮಾತ್ರ ಹೆಚ್ಚಾಗಿ ಕೂಡಿಸಿ ಪಾಸಾದರು. ನನಗೋ ನಿಧಿ ಸಿಕ್ಕಂತಾಯಿತು! ಗ್ರಾಮೀಣ ಹುಡುಗಿಯರಲ್ಲಿ ಕೂಡುವುದಕ್ಕೂ ಕಳೆಯುವುದಕ್ಕೂ ಒಂದು ಆಳವಾದ ಗೊಂದಲ ಇದೆ, ನಮ್ಮ ಯಂತ್ರ ಅದನ್ನು ಕಂಡುಹಿಡಿಯಿತು ಎಂದು ಪೇಪರ್ ಬರೆದೆ. ವಿದ್ಯಾಳ ಕ್ಲಾಸಿಕ್ ಅದೇ.

ಅಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಆ ವರ್ಷ ಮುಗದದಿಂದ ಇಬ್ಬರು ಮಕ್ಕಳನ್ನು ಧಾರವಾಡದ ಒಂದು ವಸತಿ ಶಾಲೆಗೆ ಆರಿಸಬೇಕಿತ್ತು. ಮಾಸ್ತರರು ಯಂತ್ರದ ಅಂಕಪಟ್ಟಿ ಕೇಳಿದರು. "ನಾವು ಆರಿಸಿದರ ಜನಾ ಏನರೆ ಅಂತಾರ್ರಿ. ಮಿಷನ್ನಿಗೆ ಯಾರ ಹಂಗೂ ಇಲ್ಲ ನೋಡ್ರಿ." ಕೊಟ್ಟೆ. ನೀಲವ್ವ ಮೂರನೆಯವಳಾಗಿದ್ದಳು.

ಎರಡು ವರ್ಷದ ನಂತರ ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಅತ್ತೆಯ ಮಗಳ ಮದುವೆ. ಬಳೆಗಾರ ಬಂದು ಎಲ್ಲರಿಗೂ ತೊಡಿಸುತ್ತಿದ್ದ. ಅತ್ತೆ ಬಿಡಲೊಲ್ಲಳು, ನನ್ನ ಕೈಯನ್ನೂ ಚಾಚಿಸಿದಳು. ರೂಢಿ ಇಲ್ಲದ ಬಿರುಸು ಕೈ. ಒಂದು ಬಳೆ ಚಟ್ಟೆಂದಿತು. "ಅಯ್ಯೋ, ಸಾರಿ, ಬಳೆ ಒಡೀತು," ಎಂದೆ. ಮನೆಯ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು.

"ಏನಂದೀ?" ಅತ್ತೆ ಕಣ್ಣು ಬಿಟ್ಟಳು. "ಮದವಿ ಮನ್ಯಾಗ ಬಾಯಾಗ ಎಂಥಾ ಮಾತವಾ ಅದು! ಇಷ್ಟ ಕಲ್ತು ಇಷ್ಟೂ ಗೊತ್ತಿಲ್ಲೇನ ನಿನಗ? ಬಳಿ ಹೆಚ್ಚಿತು ಅನಬೇಕು."

ಬಳೆ ಒಡೆಯುವುದು ಗಂಡ ಸತ್ತಾಗ; ಆ ಅಶುಭದ ಶಬ್ದ ಬಾಯಿಗೆ ಬರಬಾರದೆಂದು ಒಡೆದದ್ದಕ್ಕೆ ಹೆಚ್ಚಿತು ಎನ್ನುತ್ತಾರೆ. ಹನ್ನೆರಡು ಬಳೆ. ನಾಲ್ಕು ಹೆಚ್ಚಿದವು. ಉಳಿದದ್ದು ಎಂಟು. ಬಳೆಗಾರ ಇನ್ನೊಂದು ಬಳೆ ಏರಿಸುತ್ತಿದ್ದ.

ಮರುದಿನವೇ ಆ ಪೇಪರಿಗೆ ಒಂದು ತಿದ್ದುಪಡಿ ಬರೆದೆ, ನಾಲ್ಕೇ ಸಾಲು. ವಿಭಾಗದ ಹಿರಿಯರಿಗೆ ತೋರಿಸಿದೆ. "ಒಂದು ಶಬ್ದದ ಸಲುವಾಗಿ ಇಷ್ಟು ಗದ್ದಲ ಯಾಕ್ರಿ? ಕಾನ್ಫರೆನ್ಸಿಗೆ ಹೋಗಿ ಬರ್ರಿ ಮೊದಲ," ಎಂದರು. ಅವರನ್ನು ದೂರುವುದಿಲ್ಲ. ಯಾರಾದರೂ ಹಾಗೆ ಹೇಳಲಿ ಎಂದೇ ನಾನು ತೋರಿಸಲು ಹೋಗಿದ್ದೆ. ಯಂತ್ರದಲ್ಲಿ 'ಹೆಚ್ಚಿದವು' ತೆಗೆದು 'ಸೇರಿದವು' ಎಂದು ಸದ್ದಿಲ್ಲದೆ ಬದಲಿಸಿದೆ. ತಿದ್ದುಪಡಿ ಕಳಿಸದೆ ಕಾನ್ಫರೆನ್ಸಿಗೆ ಹೋದೆ. ಆಮೇಲೆ ಬಡ್ತಿ, ಕಮಿಟಿಗಳು, ಶಾಲುಗಳು. ಮಕ್ಕಳ ತಪ್ಪನ್ನು ಆಲಿಸುವುದು ಹೇಗೆಂದು ಊರೂರಲ್ಲಿ ಭಾಷಣ ಮಾಡಿದೆ. ಮುಗದಕ್ಕೆ ಹೋಗಲಿಲ್ಲ.

ಟ್ರಂಕಿನ ಕಾಗದದಲ್ಲಿ ನೀಲವ್ವನ ಉತ್ತರಗಳ ಸಾಲು ಹಾಗೇ ಇತ್ತು. ಮಾಸ್ತರರ ಮಗನಿಗೆ ಫೋನ್ ಮಾಡಿದೆ. ನೀಲವ್ವನನ್ನು ಶಿರಗುಪ್ಪಿಗೆ ಕೊಟ್ಟಿದ್ದಾರೆ, ಅಲ್ಲಿಯ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ ಎಂದ. ಮೊನ್ನೆ ಟ್ಯಾಕ್ಸಿ ಮಾಡಿಕೊಂಡು ಹೋದೆ.

ಅಡುಗೆಕೋಣೆಯ ಬಾಗಿಲಲ್ಲಿ ನಿಂತಾಗ ಅವಳು ಅಕ್ಕಿ ಅಳೆಯುತ್ತಿದ್ದಳು. ಕನ್ನಡಕ ಬಂದಿದೆ. ನಾನು ಯಾರೆಂದು ಹೇಳಿದೆ. "ಅಯ್ಯ, ಮಿಷನ್ ಅಕ್ಕೋರ!" ಎಂದು ಕುಳಿತುಕೊಳ್ಳಲು ಮಣೆ ಕೊಟ್ಟು, "ಒಂದ ನಿಮಿಷ ರೀ," ಎಂದು ಅಳೆದ ಅಕ್ಕಿಯನ್ನೆಲ್ಲ ಹಿಂದಕ್ಕೆ ಸುರಿದು ಮತ್ತೆ ಮೊದಲಿನಿಂದ ಅಳೆದಳು. ಯಾಕೆಂದು ಕೇಳಿದೆ.

"ಚಟಾ ರಿ ಅದು," ಎಂದು ನಕ್ಕಳು. "ನಮ್ಮಪ್ಪ ಅಂದಿದ್ದ, ನಿನಗ ಲೆಕ್ಕಾ ಬರೂದಿಲ್ಲಂತ ಮಿಷನ್ನ ಹೇಳೇತಿ, ಇನ್ನ ಸಾಲಿ ಯಾಕಂತ. ಏಳನೇತ್ತಾಕ್ಕ ಬಿಡಿಸಿದ. ಅವತ್ತಿಂದ ಏನರೆ ಎಣಿಸಿದ್ರ ಎರಡೆರಡ ಸಲ ಎಣಸ್ತೇನಿ."

ನಾನು ಬಂದ ವಿಷಯ ಹೇಳಿದೆ. ನಿನ್ನ ಉತ್ತರ ಸರಿ ಇತ್ತು, ಐದಕ್ಕೆ ಐದೂ ಸರಿ ಇದ್ದವು, ತಪ್ಪು ನನ್ನದು. ಅವಳು ಅಳತೆಯ ಡಬ್ಬಿ ಕೆಳಗಿಟ್ಟಳು.

"ಅವತ್ತ ನನಗ ಯಾಕ ಹೇಳಲಿಲ್ಲವಾ ನೀನು?"

"ಹ್ಯಾಂಗ ಹೇಳ್ಲಿರಿ? ನಿಮ್ಮ ಕೈ ಬರಿದಿತ್ತು. ನಿಮ್ಮ ಮನಿಯವರು ತೀರಿಕೊಂಡಾರಂತ ನಾ ತಿಳಕೊಂಡಿದ್ನಿ. ನಿಮ್ಮ ಮುಂದ ಆ ಶಬ್ದಾ ಹ್ಯಾಂಗ ಅನ್ಲಿ? ಪಾಪ, ಬ್ಯಾಸರಾ ಮಾಡ್ಕೋತೀರಿ ಅಂತ ಸುಮ್ಮನಾದ್ನಿ."

ಒಂಬತ್ತು ವರ್ಷದ ಮಗು ನನ್ನನ್ನು ನೋಯಿಸಬಾರದೆಂದು ತನ್ನ ಲೆಕ್ಕ ಬಿಟ್ಟುಕೊಟ್ಟಿತ್ತು.

ಸಾರಿ ಎಂಬ ಶಬ್ದ ಬಾಯಿವರೆಗೆ ಬಂದು ಹಿಂದಕ್ಕೆ ಹೋಯಿತು. ಅಷ್ಟರಲ್ಲಿ ಅವಳೇ ಕೇಳಿದಳು: "ಇದು ನಿಮಗ ಯಾವಾಗ ಗೊತ್ತಾತ್ರಿ?"

ಈಗ, ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು. "ನೀನು ಆರನೇ ತರಗತಿಯಲ್ಲಿದ್ದಾಗ," ಎಂದೆ.

"ಆರನೇತ್ತಾ," ಎಂದಳು. "ಆವಾಗ ನಾ ಇನ್ನೂ ಸಾಲಿಗೆ ಹೋಗ್ತಿದ್ನಿರಿ."

ಹೊರಡುವಾಗ ಹಿಂದೆಯೇ ಬಂದು ಟ್ಯಾಕ್ಸಿಯ ಬಾಗಿಲು ಹಿಡಿದಳು. "ಅಕ್ಕೋರ, ಈಗ ಹೇಳಿದ್ದನ್ನ ಒಂದು ಕಾಗದದಾಗ ಬರದ ಕಳಸ್ರಿ. ಕನ್ನಡದಾಗ. ನಮ್ಮಪ್ಪ ಇನ್ನೂ ಅದಾನ, ಓದಿ ತೋರಸ್ತೇನಿ. ತಾರೀಖ ಎರಡೂ ಹಾಕ್ರಿ. ನಿಮಗ ಗೊತ್ತಾಗಿದ್ದೊಂದು, ನನಗ ಹೇಳಿದ್ದೊಂದು."

ವಿದ್ಯಾಳಿಗೆ ಹೇಳಿದ್ದೇನೆ, ನೀಲವ್ವನಿಗೆ ಬರೆಯುವ ಕಾಗದದ ಪ್ರತಿ ಅದರ ಮೊದಲಿಗೆ ಇದ್ದರೆ ಮಾತ್ರ ಆ ಪೇಪರ್ ಪುಸ್ತಕದಲ್ಲಿರಲಿ ಎಂದು. ಕಾಗದ ಈಗ ನನ್ನ ಮುಂದಿದೆ. ಈ ಸಲ ಡಿಕ್ಷನರಿ ತೆಗೆಯಲಿಲ್ಲ. ತಪ್ಪು ನನ್ನದು ಎಂದು ಬರೆದಾಯಿತು, ಕೆಳಗೆ ಸಹಿಯೂ ಆಯಿತು. ಎರಡು ತಾರೀಖುಗಳನ್ನೂ ಹಾಕಿದ್ದೇನೆ. ಒಂದರಿಂದ ಇನ್ನೊಂದನ್ನು ಕಳೆದು, ನಡುವೆ ಎಷ್ಟು ವರ್ಷವೆಂದು ನೋಡುವ ಧೈರ್ಯ ಇನ್ನೂ ಬಂದಿಲ್ಲ.