ಸೊಂಡಿಲು ಎತ್ತಿದ ಆನೆ

ತೆಲುಗು ಸೀಮೆಯ ಕುಷಾಯಿಗೂಡದಲ್ಲಿ ಮರದ ಆಟಿಕೆ ಮಾಡುತ್ತಿದ್ದ ಆ ಬಡಗಿ ಬೀದರ್ ಕಡೆಯವರು. ಯಾವ ಆಟಿಕೆ ಮಾಡಿ ಮುಗಿಸಿದರೂ ಎದ್ದು ನಿಂತು, ಅದನ್ನು ಸೊಂಟದೆತ್ತರದಿಂದ ಕಲ್ಲಿನ ನೆಲಕ್ಕೆ ಮೂರು ಸಲ ಬಿಡುತ್ತಿದ್ದರು. "ಬಿಟ್ಟು ನೋಡೂಣ್ರಿ" ಅನ್ನುವರು. ತೆಲುಗು ಗಿರಾಕಿಗಳಿಗೆ ಅದನ್ನೇ ತೆಲುಗಿನಲ್ಲಿ ಹೇಳುವರು.

ನಾನು ಮಕ್ಕಳಿಗಾಗಿ ಒಂದು ಮಣೆಯಾಟ ತಯಾರಿಸಲು ಹೊರಟಿದ್ದೆ. ಅದರ ಕಾಯಿಗಳೆಲ್ಲ ಸೊಂಡಿಲು ಎತ್ತಿದ ಆನೆಗಳು. ಮರದಲ್ಲೇ ಆಗಬೇಕೆಂಬ ಹಟ ನನ್ನದು. ಆದರೂ ಹೋಲಿಸಿ ನೋಡಲೆಂದು ಒಂದು ಪ್ಲಾಸ್ಟಿಕ್ ಆನೆಯನ್ನು ಜೇಬಿನಲ್ಲಿಟ್ಟುಕೊಂಡು ಅವರಲ್ಲಿಗೆ ಹೋಗಿದ್ದೆ. ಮಾದರಿಗೆಂದು ಅವರು ಕೆತ್ತಿದ ಆನೆ ಮೂರನೆಯ ಸಲ ಬಿದ್ದಾಗ ಸೊಂಡಿಲು ಮುರಿಯಿತು. ನನ್ನ ಪ್ಲಾಸ್ಟಿಕ್ ಆನೆ ಮೂರು ಸಲವೂ ಪುಟಿದು ಸುಮ್ಮನೆ ಬಿದ್ದುಕೊಂಡಿತು.

ಮುರಿದ ತುಂಡನ್ನು ಹೆಬ್ಬೆರಳಿನಿಂದ ಸವರುತ್ತ, "ಪ್ಲಾಸ್ಟಿಕ್‌ದಾಗ ಮಾಡಸ್ರಿ," ಎಂದರು. "ಸೊಂಡಿ ಎತ್ತಿದ್ರ ಮರದ ಎಳಿ ಅದಕ್ಕ ಅಡ್ಡ ಬರ್ತಾವ. ಕಟಗಿ ತಾಳೂದಿಲ್ಲ."

"ನಿಮ್ಮ ಕೆಲಸ ಹೋಗುತ್ತಲ್ಲ?"

"ಹೋಗ್ಲಿ ಬಿಡ್ರಿ. ಹುಡುಗ್ರ ಕೈಯಾಗಿಂದ ಬೀಳೂದಂತೂ ಬೀಳ್ತಾವ."

ಎರಡು ತಿಂಗಳ ಮೇಲೆ, ತಯಾರಾದ ಪ್ಲಾಸ್ಟಿಕ್ ಆನೆಗಳ ಡಬ್ಬಿಯೊಂದನ್ನು ಅವರಿಗೆ ಕೊಡಲು ಹೋದೆ. ಕಿಟಕಿಯ ಮೇಲೆ ಮರದ ಆನೆಯೊಂದು ನಿಂತಿತ್ತು. ಸೊಂಡಿಲನ್ನು ಕೆಳಗಿಳಿಸಿ ಎದೆಗೆ ಒತ್ತಿಕೊಂಡಿತ್ತು. ನಾನೇ ಅದನ್ನು ಎತ್ತಿಕೊಂಡು ನೆಲಕ್ಕೆ ಮೂರು ಸಲ ಬಿಟ್ಟೆ. ಏನೂ ಆಗಲಿಲ್ಲ.

"ಹೀಗೂ ಮಾಡಬಹುದು ಅಂತ ಅವತ್ತೇ ಯಾಕೆ ಹೇಳಲಿಲ್ಲ?" ಎಂದೆ.

ಅವರು ಆನೆಯ ಧೂಳು ಒರೆಸಿ ಮತ್ತೆ ಕಿಟಕಿಯ ಮೇಲಿಟ್ಟರು.

"ನೀವು ಸೊಂಡಿ ಎತ್ತಿದ ಆನಿನೇ ಬೇಕಂದಿದ್ರಿ."