ಮೇಷ್ಟ್ರ ಬಾಲ

ನಮ್ಮಕ್ಕನಿಗೆ ನಲವತ್ತೇಳು ವರ್ಷ. ಮೊಣಕಾಲು ನೋವು, ಓದುವುದಕ್ಕೆ ಕನ್ನಡಕ, ಮದುವೆಯಾದ ಮಗಳು ಎಲ್ಲವೂ ಇವೆ. ಹಗಲೆಲ್ಲ ಪೇಟೆಯ ಕೊನೆಯ ಓಣಿಯಲ್ಲಿ, ಒಂದೇ ಕಿಟಕಿಯ ಅಂಗಡಿಯೊಳಗೆ ಕೂತು ಚರ್ಮದ ಕೆಲಸ ಮಾಡುತ್ತಾಳೆ. ಕುದುರೆಯ ಜೀನು, ಲಗಾಮು, ನಡುನಡುವೆ ಯಾರದೋ ಹರಿದ ಬ್ಯಾಗು. ಮೇಣದ ದಾರ ಎಳೆದೆಳೆದು ಅವಳ ತೋರುಬೆರಳಿನ ಮೇಲೆ ಒಂದು ಗೆರೆ ಕಾಯಮ್ಮಾಗಿ ಕೂತುಬಿಟ್ಟಿದೆ. ಬೆಳಿಗ್ಗೆ ಐದೂವರೆಗೆ ಮಾತ್ರ ಅವಳು ಬೇರೆಯೇ ಹೆಂಗಸು. ಊರಾಚೆಯ ಲಾಯಕ್ಕೆ ಸೈಕಲ್ ತುಳಿದುಕೊಂಡು ಹೋಗಿ, ತನ್ನದಲ್ಲದ ಕುದುರೆ ಹತ್ತಿ, ದಿಮ್ಮಿ, ಬೇಲಿ, ಹಳ್ಳ ಎಲ್ಲ ಹಾರಿಸಿಕೊಂಡು ಬರುತ್ತಾಳೆ. ಹನ್ನೊಂದು ವರ್ಷದಿಂದ ಸ್ಪರ್ಧೆಗೂ ಹೋಗುತ್ತಿದ್ದಾಳೆ. ಹೇಳಿಕೊಳ್ಳುವಂಥ ಬಹುಮಾನ ಒಂದೂ ಬಂದಿಲ್ಲ. ಈ ಮಾತನ್ನು ನಾನು ಹೇಳಬಹುದು. ಬೇರೆ ಯಾರಾದರೂ ಹೇಳಿದರೆ ಜಗಳಕ್ಕೆ ಹೋಗುತ್ತೇನೆ.

ನಾನು ಅವಳ ತಮ್ಮ, ಅದೇ ಲಾಯದ ಕುದುರೆಗಳಿಗೆ ಲಾಳ ಹೊಡೆಯುವವನು. ನನಗೆ ಬಾಯಿ ಸ್ವಲ್ಪ ಜಾಸ್ತಿ ಅಂತ ಎಲ್ಲರೂ ಹೇಳುತ್ತಾರೆ. ಕುದುರೆಗಳಿಂದ ಇದುವರೆಗೆ ದೂರು ಬಂದಿಲ್ಲ.

ಈ ಸ್ಪರ್ಧೆಯನ್ನು ನೋಡದವರಿಗೆ ಎರಡು ಮಾತು ಹೇಳಬೇಕು. ಇದು ಮೂರು ದಿನದ ಆಟ. ಮೊದಲ ದಿನ ಕುದುರೆ ತೀರ್ಪುಗಾರರ ಮುಂದೆ ಅಳೆದು ಹೆಜ್ಜೆ ಇಟ್ಟು, ಎಷ್ಟು ಮಾತು ಕೇಳುತ್ತದೆ ಅಂತ ತೋರಿಸಬೇಕು. ಎರಡನೆಯ ದಿನ ಬಯಲು, ದಿಣ್ಣೆ, ಮರಗಳ ನಡುವಿನ ದಾರಿ, ನೀರಿನ ಹೊಂಡ ಎಲ್ಲವನ್ನೂ ವೇಗವಾಗಿ ದಾಟಬೇಕು. ಅಲ್ಲಿನ ದಿಮ್ಮಿಗಳು ಬೀಳುವ ಜಾತಿಯವಲ್ಲ, ಬಿದ್ದರೆ ನಾವೇ ಬೀಳಬೇಕು. ಮೂರನೆಯ ದಿನ ಮೈದಾನದಲ್ಲಿ ಬಣ್ಣದ ಕಂಬಗಳನ್ನು ಬೀಳಿಸದೆ ಹಾರಬೇಕು. ಎರಡನೆಯ ದಿನ ಒಂದೇ ಜಾಗದಲ್ಲಿ ಕುದುರೆ ಮೂರು ಸಲ ಮುಷ್ಕರ ಹೂಡಿದರೆ ಆಟ ಮುಗಿಯಿತು, ಗಂಟುಮೂಟೆ ಕಟ್ಟುವುದೇ.

ಅಕ್ಕ ಎರಡು ಕುದುರೆ ಓಡಿಸುತ್ತಿದ್ದಳು. ಮೊದಲನೆಯದು ಕಂದು ಬಣ್ಣದ, ಹದಿನೆಂಟು ವರ್ಷದ ಗಂಡು. ಕಾಗದದ ಮೇಲೆ ಏನೋ ಉದ್ದನೆಯ ಹೆಸರಿದೆ, ಲಾಯದಲ್ಲಿ ಮಾತ್ರ ಎಲ್ಲರಿಗೂ ಅವರು ಮೇಷ್ಟ್ರು. ಏಕವಚನದಲ್ಲಿ ಕರೆಯಲು ಯಾರಿಗೂ ಬಾಯಿ ಬರುವುದಿಲ್ಲ. ದಿಮ್ಮಿ ಎಷ್ಟೇ ಎತ್ತರ ಇರಲಿ, ದೂರದಿಂದ ಒಮ್ಮೆ ನೋಡಿ, ಹೆಜ್ಜೆ ತಾವೇ ಲೆಕ್ಕ ಹಾಕಿಕೊಂಡು ದಾಟುತ್ತಿದ್ದರು. ಎರಡನೆಯದು ಆರು ವರ್ಷದ ಬೂದು ಬಣ್ಣದ ಹೆಣ್ಣು, ಹೆಸರು ತರಲೆ. ಬಕೆಟ್ ಮಗುಚುವುದು, ನಾನು ಬಗ್ಗಿ ಗೊರಸು ಹೆರೆಯುವಾಗ ಬೆನ್ನ ಮೇಲೆ ಗಲ್ಲ ಊರಿ ನಿದ್ದೆ ಹೊಡೆಯುವುದು ಅದರ ದಿನಚರಿ. ಎರಡೂ ಲಾಯದ ಯಜಮಾನಿಯ ಕುದುರೆಗಳು. ಆಕೆ ನಿವೃತ್ತರಾದ ಹಲ್ಲಿನ ಡಾಕ್ಟರು. ಇವತ್ತಿಗೂ ಮಾತಾಡುವಾಗ ಎದುರಿನವರ ಕಣ್ಣು ಬಿಟ್ಟು ಹಲ್ಲು ನೋಡುತ್ತಾರೆ.

ಈ ವರ್ಷದ ಮೊದಲ ಎರಡು ಸ್ಪರ್ಧೆಗಳಲ್ಲಿ ಮೇಷ್ಟ್ರು ಎಂದಿನಂತೆ ತಮ್ಮ ಪಾಡಿಗೆ ಓಡಿ ಮುಗಿಸಿದರು. ತರಲೆ ಎರಡೂ ಸಲ ನೀರಿನ ಹೊಂಡದ ಮುಂದೆ ನಿಂತುಬಿಟ್ಟಿತು. ಒಂದು, ಎರಡು, ಮೂರು, ಹೊರಗೆ. ಲಾಯದ ಹಿಂದಿನ ಹಳ್ಳದಲ್ಲಿ ಎಮ್ಮೆಯ ಹಾಗೆ ಬಿದ್ದುಕೊಂಡು ಆಡುವ ಪ್ರಾಣಿಗೆ ಅಲ್ಲಿ ಮೊಳಕಾಲುದ್ದದ ನೀರು ಕಂಡರೆ ಏನಾಗುತ್ತದೆ ಅಂತ ನಮಗೆ ತಲೆಬುಡ ಗೊತ್ತಾಗಲಿಲ್ಲ.

ಎರಡನೆಯ ಸ್ಪರ್ಧೆ ಮುಗಿಸಿ ಬಂದ ವಾರವೇ ಪಶುವೈದ್ಯರು ಮೇಷ್ಟ್ರ ಎಡಗಣ್ಣಿಗೆ ಬೆಳಕು ಬಿಟ್ಟು ನೋಡಿ, ತಲೆ ಆಡಿಸಿದರು. ಕಣ್ಣಿಗೆ ಪೊರೆ ಬಂದಿತ್ತು. ಇನ್ನು ಹಾರುವಂತಿಲ್ಲ, ಮೇಯ್ದುಕೊಂಡು ಆರಾಮಾಗಿರಲಿ ಎಂದರು. ಆ ಸಂಜೆ ಡಾಕ್ಟರಮ್ಮ ಅಕ್ಕನನ್ನು ಕರೆದರು. ನಾನೂ ಸುತ್ತಿಗೆ ಹಿಡಿದುಕೊಂಡು ಅಲ್ಲೇ ಇದ್ದೆ.

"ನೋಡಮ್ಮ, ತರಲೆಗೆ ಇನ್ನೊಂದು ಸ್ಪರ್ಧೆ ನೋಡ್ತೀನಿ. ಮೂರೂ ದಿನ ಮುಗಿಸಿ ಬಂದ್ರೆ ಅವಳು ನಿನ್ನ ಹತ್ರಾನೇ ಇರ್ತಾಳೆ. ಮತ್ತೆ ನೀರಿನ ಮುಂದೆ ನಿಂತ್ಲು ಅಂದ್ರೆ ಬೇರೆ ಯಾರಿಗಾದ್ರೂ ಕೊಡ್ತೀನಿ. ಒಳ್ಳೆ ಕುದುರೆ, ಹಾಳಾಗ್ಬಾರ್ದು. ಬೇಜಾರು ಮಾಡ್ಕೋಬೇಡ."

"ಇಲ್ಲ ಡಾಕ್ಟ್ರೇ, ನೀವು ಹೇಳೋದು ಸರಿ," ಎಂದಳು ಅಕ್ಕ.

ಮರುದಿನ ಅಂಗಡಿಗೆ ಹೋದರೆ, ಒಂದು ಲಗಾಮನ್ನು ತಿರುವುಮುರುವಾಗಿ ಹೊಲಿದು, ಹೊಲಿಗೆ ಬಿಚ್ಚುತ್ತಾ ಕೂತಿದ್ದಳು. ಮೂವತ್ತು ವರ್ಷದಲ್ಲಿ ಅವಳು ಹಾಗೆ ಹೊಲಿದದ್ದು ನಾನು ಕಂಡಿಲ್ಲ. ಮೇಷ್ಟ್ರು ಮನೆಯಲ್ಲಿ ಕೂತರು, ತರಲೆಯೂ ಹೋದರೆ ಇನ್ನು ನಲವತ್ತೇಳರ ಹೆಂಗಸಿಗೆ ಯಾರು ಹೊಸ ಕುದುರೆ ಕೊಡುತ್ತಾರೆ? ಬೆಳಗಿನ ಐದೂವರೆಗಳು ಅಲ್ಲಿಗೆ ಮುಗಿದ ಹಾಗೆ.

ಮೂರು ವಾರ ಸಮಯವಿತ್ತು. ಮೊದಲ ವಾರ ನಾನು ಲಾಳ ಬದಲಾಯಿಸಿದೆ, ಕಡಿವಾಣ ಬದಲಾಯಿಸಿದೆ, ಕೊನೆಗೆ ಹವಾಮಾನವನ್ನೂ ಬೈದೆ. ಕಾರಣ ಕಂಡುಹಿಡಿದವರು ನಮ್ಮ ಭಾವ. ಭಾವ ಬಸ್ ಡ್ರೈವರು. ಕುದುರೆ ಅಂದರೆ ಅವರಿಗೆ ಪ್ರಾಣಭಯ. ಹೆಂಡತಿ ಹಾರುವಾಗ ಬೆನ್ನು ತಿರುಗಿಸಿ ನಿಂತು, "ದಾಟಿದಳಾ?" ಎಂದು ನನ್ನನ್ನು ಕೇಳುವುದೇ ಹನ್ನೊಂದು ವರ್ಷದಿಂದ ಅವರ ಕೆಲಸ. ಅವತ್ತು ರಜೆ ಇತ್ತು ಅಂತ ಬಂದು ಹಳ್ಳದ ಮೋರಿಯ ಮೇಲೆ ಕೂತಿದ್ದರು. ನಾನು ಎಂದಿನಂತೆ ಮೇಷ್ಟ್ರ ಹಗ್ಗ ಹಿಡಿದು ಮುಂದೆ ನಡೆದೆ. ಹಿಂದಿನಿಂದ ಅಕ್ಕ, ತರಲೆಯ ಮೇಲೆ. ತರಲೆ ನೀರು ಚಿಮ್ಮಿಸಿಕೊಂಡು ಜುಮ್ಮೆಂದು ದಾಟಿತು.

"ಅಲ್ಲಯ್ಯ," ಎಂದರು ಭಾವ, "ಆ ಬೂದಿ ಕುದುರೆ ಯಾವತ್ತಾದ್ರೂ ಮುಂದೆ ಹೋಗಿದೆಯಾ?"

"ಅಂದ್ರೆ?"

"ಮಂಜು ಬಿದ್ದಾಗ ಹೊಸ ಡ್ರೈವರ್‌ಗಳು ಮುಂದಿನ ಲಾರಿಯ ಕೆಂಪು ದೀಪ ನೋಡ್ಕೊಂಡು ಓಡಿಸ್ತಾರೆ. ರಸ್ತೆ ಗೊತ್ತು ಅಂದ್ಕೊಂಡಿರ್ತಾರೆ. ಲಾರಿ ಪಕ್ಕಕ್ಕೆ ತಿರುಗ್ತು ಅಂದ್ರೆ ಅಲ್ಲೇ ನಿಂತು ಹಾರ್ನ್ ಹೊಡೀತಾರೆ. ನಿಮ್ಮ ಕುದುರೆದೂ ಅದೇ ಕಥೆ."

ನನ್ನ ಕಿವಿ ಬಿಸಿಯಾಯಿತು. ಯಾಕೆಂದರೆ ಆ ಉಪಾಯ ನನ್ನದೇ. ಎರಡು ವರ್ಷದ ಹಿಂದೆ ತರಲೆ ಬಂದಾಗ, "ಮೇಷ್ಟ್ರನ್ನ ಮುಂದೆ ಬಿಡು ಅಕ್ಕ, ಅವರ ಹಿಂದೆ ತಾನಾಗೇ ಕಲಿಯುತ್ತೆ" ಎಂದು ಎದೆ ತಟ್ಟಿಕೊಂಡು ಹೇಳಿದವನು ನಾನು. ತರಲೆ ಕಲಿತದ್ದು ಮೇಷ್ಟ್ರ ಬಾಲ ನೋಡುವುದನ್ನು. ದಿಮ್ಮಿಗೆ ಆಚೆ ನೆಲ ಕಾಣುತ್ತದೆ, ಹೇಗೋ ಹಾರುತ್ತಿತ್ತು. ನೀರಿನ ಅಡಿ ಕಾಣುವುದಿಲ್ಲ, ಅಲ್ಲಿ ಬಾಲ ಬೇಕೇ ಬೇಕು. ಸ್ಪರ್ಧೆಯಲ್ಲಿ ಬಾಲ ಎಲ್ಲಿಂದ ತರುವುದು?

ಪರೀಕ್ಷೆಗೆಂದು ಮೇಷ್ಟ್ರನ್ನು ಲಾಯದಲ್ಲಿ ಕಟ್ಟಿ ಬಂದೆ. ತರಲೆಯನ್ನು ಒಂಟಿಯಾಗಿ ಹಳ್ಳಕ್ಕೆ ತಂದರೆ, ದಿನಾ ಆಡುವ ಅದೇ ನೀರಿನ ಮುಂದೆ ನಾಲ್ಕೂ ಕಾಲು ಊರಿ ನಿಂತಿತು. ನಾನು ತಲೆ ಚಚ್ಚಿಕೊಂಡೆ. "ನನ್ನದೇ ತಪ್ಪು ಅಕ್ಕ," ಎಂದೆ. ಈ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು ಅಂತ ಭಾವ ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ಅಕ್ಕ ಕುದುರೆಯ ಮೇಲೆ ಕೂತೇ ಯೋಚನೆ ಮಾಡುತ್ತಿದ್ದಳು.

"ನಿಂದೊಂದೇ ಅಲ್ಲ ಕಣೋ. ನಾನೂ ಬಾಲ ಹಿಡ್ಕೊಂಡೇ ಬಂದವಳು. ಹನ್ನೊಂದು ವರ್ಷ ಮೇಷ್ಟ್ರು ದಾರಿ ನೋಡ್ಕೊಂಡ್ರು, ನಾನು ಮೇಲೆ ಕೂತು ನೀರು ನೋಡ್ತಿದ್ದೆ. ಇವಳ ಮೇಲೂ ನೀರೇ ನೋಡ್ತೀನಿ. ಇವಳು ನಾನು ಹೇಳ್ಲಿ ಅಂತ ಕಾಯ್ತಾಳೆ, ನಾನು ಇವಳು ಹೋಗ್ಲಿ ಅಂತ ಕಾಯ್ತೀನಿ."

"ಬಾಗಿಲಲ್ಲಿ ನೀವು ಮೊದ್ಲು, ಇಲ್ಲ ನೀವು ಮೊದ್ಲು ಅಂತ ನಿಲ್ತಾರಲ್ಲ, ಹಾಗೆ," ಎಂದರು ಭಾವ.

"ಹಾಗೇ ರೀ."

ಅವತ್ತೇ ನಾನು ನನ್ನ ಹಳೆಯ ಕೆಂಪು ಕರವಸ್ತ್ರವನ್ನು ಆಚೆ ದಡದ ಮರದ ಕೊಂಬೆಗೆ ಕಟ್ಟಿದೆ. ಅಕ್ಕ ನೀರು ನೋಡುವಂತಿಲ್ಲ, ಕರವಸ್ತ್ರವನ್ನೇ ನೋಡಬೇಕು. ಮೊದಲ ನಾಲ್ಕು ದಿನ ಅವಳು ಇಳಿದು, ಬೂಟಿನ ತುಂಬ ನೀರು ತುಂಬಿಸಿಕೊಂಡು, ತಾನೇ ಮುಂದೆ ನಡೆದು ತರಲೆಯನ್ನು ಕರೆದೊಯ್ದಳು. ಆಮೇಲೆ ಹತ್ತಿದಳು. ಒಂದು ದಿನ ಹೋಗುತ್ತಿತ್ತು, ಒಂದು ದಿನ ಇಲ್ಲ. ಲಾಯದಲ್ಲಿ ಮೇಷ್ಟ್ರು ತಮ್ಮನ್ನು ಬಿಟ್ಟು ಹೋದದ್ದಕ್ಕೆ ಬಾಗಿಲು ಒದ್ದು ಕೆನೆಯುತ್ತಿದ್ದರು. ಮೂರನೆಯ ವಾರದ ಕೊನೆಗೆ ಹತ್ತಕ್ಕೆ ಏಳು ಸಲ ತರಲೆ ಒಂಟಿಯಾಗಿ ದಾಟುವಷ್ಟು ಆಯಿತು. ಉಳಿದ ಮೂರು ಸಲದ ಚಿಂತೆ ನನ್ನನ್ನು ತಿನ್ನುತ್ತಿತ್ತು.

ಸ್ಪರ್ಧೆಯ ಎರಡನೆಯ ದಿನಕ್ಕೆ ಮುಂಚೆ ಸವಾರರು ದಾರಿಯನ್ನು ಕಾಲ್ನಡಿಗೆಯಲ್ಲಿ ನೋಡಿಕೊಳ್ಳಬೇಕು. ಅಕ್ಕ ಮೂರು ಸುತ್ತು ನಡೆದಳು. ಮೂರೂ ಸುತ್ತು ನೀರಿನ ಹೊಂಡದ ಹತ್ತಿರ ನಿಂತು, ಆಚೆ ಕಡೆಯ ಒಂದು ಕವಲೊಡೆದ ಒಣಮರವನ್ನು ನೋಡಿದಳು. "ಅದೇ ನನ್ನ ಕರವಸ್ತ್ರ," ಎಂದಳು.

ಮರುದಿನ ತರಲೆಯ ಲಾಳಗಳಿಗೆ ಜಾರದ ಹಾಗೆ ಮೊಳೆ ತಿರುಗಿಸಿ ಕೂರಿಸುವಾಗ ಒಂದು ಮೊಳೆಯನ್ನು ಹುಲ್ಲಿನಲ್ಲಿ ಬೀಳಿಸಿ ಹುಡುಕಾಡಿದೆ. ಆಮೇಲೆ ನಾನೂ ಭಾವನೂ ಹೊಂಡದ ಪಕ್ಕದ ಹಗ್ಗದಾಚೆ ನಿಂತೆವು. ಡಾಕ್ಟರಮ್ಮ ಸ್ವಲ್ಪ ದೂರದಲ್ಲಿ ಕೊಡೆ ಊರಿಕೊಂಡು ನಿಂತಿದ್ದರು. ಅಲ್ಲಿ ಹೊರಗಿನವರು ಸವಾರರಿಗೆ ಒಂದು ಮಾತು ಹೇಳಿಕೊಟ್ಟರೂ ಆಟದಿಂದ ತೆಗೆದುಹಾಕುತ್ತಾರೆ. ನನ್ನಂಥವನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇಕೇ?

ತರಲೆ ದಿಣ್ಣೆ ಇಳಿದು ಚೆನ್ನಾಗಿಯೇ ಬಂತು. ನೀರು ಹತ್ತಿರವಾದಂತೆ ಹೆಜ್ಜೆ ಸಣ್ಣದಾಯಿತು, ಅಂಚಿನಲ್ಲಿ ನಿಂತಿತು. ಒಂದು. ಅಕ್ಕ ಸುತ್ತು ಹಾಕಿ ಮತ್ತೆ ತಂದಳು. ತರಲೆ ಮೂತಿ ಬಗ್ಗಿಸಿ ನೀರು ಮೂಸಿ ನಿಂತಿತು. ಎರಡು. ಅಕ್ಕನೂ ನೀರನ್ನೇ ನೋಡುತ್ತಿದ್ದಳು. ನನಗದು ಸ್ಪಷ್ಟವಾಗಿ ಕಾಣುತ್ತಿತ್ತು, ಹೇಳುವ ಹಾಗಿರಲಿಲ್ಲ. ಮರ ನೋಡು ಅಕ್ಕ, ಮರ ನೋಡು ಎನ್ನಲು ಬಾಯಿ ತೆರೆದೇಬಿಟ್ಟೆ. ಬೆನ್ನು ತಿರುಗಿಸಿ ನಿಂತಿದ್ದ ಭಾವ ನೋಡದೆಯೇ ಕೈ ಚಾಚಿ ನನ್ನ ಬಾಯಿ ಮುಚ್ಚಿದರು.

ಅಕ್ಕ ಈ ಸಲ ತರಲೆಯನ್ನು ತುಂಬ ಹಿಂದಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಒಂದು ಕ್ಷಣ ನಿಂತು, ಕತ್ತು ಸವರಿ, ಬೆನ್ನು ನೆಟ್ಟಗೆ ಮಾಡಿದಳು. ಅವಳ ಗಲ್ಲ ಮೇಲೆ ಬಂದದ್ದನ್ನು ನಾನು ನೋಡಿದೆ. ಕಣ್ಣು ಒಣಮರದ ಮೇಲೆ ನೆಟ್ಟಿತ್ತು.

"ನಡಿ ತಾಯಿ, ನಾನಿದ್ದೀನಿ!"

ಅಷ್ಟು ಗಟ್ಟಿಯಾಗಿ ಅಕ್ಕ ಕೂಗಿದ್ದು ನಾನು ಕೇಳಿಯೇ ಇರಲಿಲ್ಲ. ತರಲೆಯ ಕಿವಿ ಒಮ್ಮೆ ಹಿಂದಕ್ಕೆ, ಅವಳ ಕಡೆಗೆ ಹೊರಳಿ, ಮತ್ತೆ ಮುಂದಕ್ಕೆ ಬಂತು. ಅಂಚಿನಲ್ಲಿ ಹೆಜ್ಜೆ ಸಣ್ಣದಾಗಲಿಲ್ಲ. ನೀರು ಎದ್ದು ನನ್ನ ಮುಖಕ್ಕೂ ಭಾವನ ಬೆನ್ನಿಗೂ ಹೊಡೆಯಿತು.

"ದಾಟಿದಳಾ?" ಎಂದರು ಭಾವ.

ನನಗೆ ಅಳು ಉಕ್ಕಿ ಬಂದು ಮಾತೇ ಹೊರಡಲಿಲ್ಲ. ಭಾವ ಅದನ್ನು ತಪ್ಪು ತಿಳಿದುಕೊಂಡು, ಮುಖ ಚಿಕ್ಕದು ಮಾಡಿಕೊಂಡು, "ಹೋಗ್ಲಿ ಬಿಡು, ಮನೆಗೆ ಹೋಗಿ ಅವಳಿಗೆ ಒಳ್ಳೆ ಟೀ ಮಾಡಿಕೊಡ್ತೀನಿ," ಎಂದರು. ನಾನು ಅವರ ಭುಜ ಹಿಡಿದು ತಿರುಗಿಸಿದೆ. ಆಚೆ ದಿಣ್ಣೆಯ ಮೇಲೆ ತರಲೆಯ ಬೂದು ಬೆನ್ನು ಮರಗಳ ನಡುವೆ ಮರೆಯಾಗುತ್ತಿತ್ತು. ಹನ್ನೊಂದು ವರ್ಷದಲ್ಲಿ ಭಾವ ಸ್ಪರ್ಧೆಯಲ್ಲಿ ಹೆಂಡತಿಯ ಓಟ ಕಣ್ಣಾರೆ ಕಂಡದ್ದು ಅದೇ ಮೊದಲು.

ಮೂರನೆಯ ದಿನ ಎರಡು ಕಂಬ ಬಿದ್ದವು. ಇಪ್ಪತ್ತನಾಲ್ಕು ಜನರಲ್ಲಿ ಅಕ್ಕ ಇಪ್ಪತ್ತಮೂರನೆಯವಳು. ಡಾಕ್ಟರಮ್ಮ ಕೊಡೆ ಊರಿಕೊಂಡು ಬಂದರು.

"ಎರಡು ಸಲ ನಿಂತ್ಲು," ಎಂದರು.

"ಹೌದು ಡಾಕ್ಟ್ರೇ."

"ಮೂರನೇ ಸಲ ಹೋದ್ಲಲ್ಲ. ಮುಂದಿನ ಸ್ಪರ್ಧೆಗೆ ಹೆಸರು ಕೊಡು." ಅಕ್ಕ ನಕ್ಕಳು. ಡಾಕ್ಟರಮ್ಮ ಅವಳ ಹಲ್ಲುಗಳನ್ನು ಗಮನವಿಟ್ಟು ನೋಡಿ, ಒಂದು ಸಲ ಬಂದು ತೋರಿಸಿಕೋ ಎಂದು ಹೇಳಿ ಹೋದರು.

ಇದಾಗಿ ಎರಡು ತಿಂಗಳಿಗೆ ಮೇಷ್ಟ್ರ ಎಡಗಣ್ಣು ಪೂರ್ತಿ ಬೆಳ್ಳಗಾಯಿತು, ಬಲಗಣ್ಣೂ ಮಬ್ಬಾಯಿತು. ಮೇವಿನ ಬಯಲು ಹಳ್ಳದ ಆಚೆಗಿದೆ. ಒಂದು ಬೆಳಿಗ್ಗೆ ನಾನು ಅವರನ್ನು ಕರೆದುಕೊಂಡು ಹೊರಟಾಗ, ಅಷ್ಟು ವರ್ಷ ಎಲ್ಲರಿಗಿಂತ ಮುಂದೆ ಹೋಗುತ್ತಿದ್ದ ಮೇಷ್ಟ್ರು ನೀರಿನ ಅಂಚಿನಲ್ಲಿ ನಿಂತುಬಿಟ್ಟರು. ಹಗ್ಗ ಎಳೆದೆ, ಬೇಡಿಕೊಂಡೆ, ಅವರು ಹೆಜ್ಜೆ ಎತ್ತಲಿಲ್ಲ. ಹಿಂದೆ ತರಲೆಯ ಮೇಲಿದ್ದ ಅಕ್ಕ, "ಇರು, ಎಳೀಬೇಡ," ಎಂದಳು.

ಅವಳು ತರಲೆಯನ್ನು ನಮ್ಮ ಪಕ್ಕದಿಂದ ಮುಂದಕ್ಕೆ ನಡೆಸಿದಳು. ತರಲೆ ಸೀದಾ ನೀರಿಗಿಳಿಯಿತು. ಮೇಷ್ಟ್ರು ಕತ್ತು ಚಾಚಿ, ಗಾಳಿಯಲ್ಲಿ ಹುಡುಕಿ, ಅದರ ಬಾಲಕ್ಕೆ ಮೂತಿ ತಾಗಿಸಿದರು. ಆಮೇಲೆ ಒಂದು ಕಾಲು ನೀರಿಗಿಟ್ಟರು, ಇನ್ನೊಂದು ಇಟ್ಟರು. ನಾನು ಹಗ್ಗ ಸಡಿಲ ಬಿಟ್ಟೆ. ನನ್ನ ಕಣ್ಣು ತುಂಬಿ ಬಂದಿತ್ತು, ಯಾರಾದರೂ ನೋಡುತ್ತಾರೆ ಅಂತ ನಾಚಿಕೆಯೂ ಆಗಲಿಲ್ಲ. ಅಕ್ಕನಂತೂ ಹಿಂದೆ ತಿರುಗಿ ನೋಡಲಿಲ್ಲ. ಆಚೆ ದಡದಲ್ಲಿ ನಾನು ಬಿಚ್ಚಲು ಮರೆತಿದ್ದ ಕೆಂಪು ಕರವಸ್ತ್ರ ಇನ್ನೂ ಇತ್ತು, ಅವಳು ಅದನ್ನೇ ನೋಡುತ್ತಿದ್ದಳು.